ಜೂನಿನ ಎತ್ತರ, ನವೆಂಬರಿನ ಎತ್ತರ

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ, ಲಿಟ್ಮಸ್ ಕಾಗದದ ಡಬ್ಬಿಯ ಪಕ್ಕ, ಎರಡು ದಪ್ಪ ಕಪ್ಪು ರಬ್ಬರ್ ಬಳೆಗಳಿವೆ. ಪ್ರತಿವರ್ಷ ಐದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಲ್ಲಿ ಯಾರಾದರೊಬ್ಬರು ಅದನ್ನು ಎತ್ತಿ, "ಇದು ಎಂತ ಮಾಷೆ? ರಿಂಗ್ ಆಟದ್ದಾ?" ಎಂದು ಕೇಳುತ್ತಾರೆ. ರಿಂಗ್ ಆಟದ್ದಲ್ಲ. ಒಂದು ಕಡೆ ಕತ್ತರಿಸಿದೆ, ಮೇಲೂ ಕೆಳಗೂ ಸ್ಪ್ರಿಂಗ್ ಕೂರುವಷ್ಟು ತಗ್ಗು ಇದೆ. "ನಮ್ಮ ಓಮ್ನಿ ಮಳೆಗಾಲದಲ್ಲಿ ಹಾಕಿಕೊಳ್ಳುತ್ತಿದ್ದ ಚಪ್ಪಲಿ" ಎಂದರೆ ಮಕ್ಕಳು ನಗುತ್ತಾರೆ. ನಾವೂ ನಗುತ್ತೇವೆ. ಆದರೆ ಒಂದು ಕಾಲದಲ್ಲಿ ಈ ಬಳೆಗಳ ದೆಸೆಯಿಂದ ನಮಗೆ ನಗು ಬಂದಿರಲಿಲ್ಲ. ಆ ಕತೆಯನ್ನು ಇವತ್ತು ಹೇಳಿಬಿಡೋಣ ಎಂದುಕೊಂಡಿದ್ದೇವೆ. ಓದುಗ ಮಿತ್ರರಲ್ಲಿ ಅನೇಕ ಅಧ್ಯಾಪಕರು ಕಾರಿನಲ್ಲಿ ಶಾಲೆಗೆ ಹೋಗುವವರಿದ್ದೀರಿ. ನಮಗಾದದ್ದು ನಿಮಗಾಗುವುದು ಬೇಡ.

ನಾವು ಎಂದರೆ ಐದು ಮಂದಿ. ಡ್ರಾಯಿಂಗ್ ಮಾಷ್ಟ್ರು, ಗಣಿತದ ಮಾಷ್ಟ್ರು, ಅರಬಿಕ್ ಮಾಷ್ಟ್ರು, ಹಿಂದಿ ಟೀಚರ್, ಮತ್ತು ಈ ಬರಹದ ಕಾಗುಣಿತ ತಿದ್ದುವ ಕನ್ನಡ ಟೀಚರ್. ಎಲ್ಲರೂ ಕುಂಬಳೆಯ ಆಸುಪಾಸಿನವರು. ಶಾಲೆ ಬದಿಯಡ್ಕದಿಂದ ಇನ್ನೂ ಒಳಗೆ, ಗುಡ್ಡೆ ಇಳಿದು, ತೋಡು ದಾಟಿ. ಬಸ್ಸು ಇಳಿದ ಮೇಲೆ ಮೂರು ಕಿಲೋಮೀಟರು ನಡೆಯಬೇಕಿತ್ತು. 2010ರ ಬೇಸಗೆ ರಜೆಯಲ್ಲಿ ನಾವು ಐವರು ಕೈಗೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಓಮ್ನಿ ತೆಗೆದುಕೊಂಡೆವು. 2008ರಲ್ಲಿ ನೋಂದಣಿಯಾದ ಗಾಡಿ. ದಾಖಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರ ಹೆಸರು, ಓಡಿಸುವವರೂ ಅವರೇ. ಪೆಟ್ರೋಲು, ರಿಪೇರಿ ಎಲ್ಲ ಐದು ಪಾಲು. ಅದಕ್ಕಾಗಿ ಗಣಿತದ ಮಾಷ್ಟ್ರು ನೂರು ಪುಟದ ಒಂದು ಪುಸ್ತಕಕ್ಕೆ ಬೈಂಡು ಹಾಕಿ "ಗಾಡಿ ಲೆಕ್ಕ" ಎಂದು ಬರೆದಿಟ್ಟರು. ಇಂದಿಗೂ ಆ ಪುಸ್ತಕ ಇದೆ. ಈ ಬರಹದಲ್ಲಿ ಬರುವ ಅಂಕಿಗಳೆಲ್ಲ ಅದರಿಂದಲೇ ತೆಗೆದವು.

ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಒಂದಕ್ಕೆ. ಮುಂಗಾರು ಬರುವುದೂ ಹೆಚ್ಚುಕಡಿಮೆ ಅದೇ ದಿನಕ್ಕೆ. ಪ್ರವೇಶೋತ್ಸವದ ಬಣ್ಣದ ಕಾಗದ ಒದ್ದೆಯಾಗದ ವರ್ಷ ನಮಗೆ ನೆನಪಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಡಾಮರು ರಸ್ತೆ ಮುಗಿದ ಮೇಲೆ ನಮ್ಮ ಶಾಲೆಯ ದಾರಿ ಮುರಕಲ್ಲಿನದ್ದು. ಮಳೆ ನೀರು ನಡುವೆ ಹರಿದು ಎರಡು ಬದಿಗೆ ಚಕ್ರದ ಜಾಡು ಆಳವಾಗುತ್ತದೆ, ನಡುವೆ ಕಲ್ಲಿನ ಬೆನ್ನು ಎದ್ದು ನಿಲ್ಲುತ್ತದೆ. ಐದು ಜನ ಕೂತ ಓಮ್ನಿಯ ಹೊಟ್ಟೆ ಆ ಬೆನ್ನಿಗೆ ಉಜ್ಜುವ ಸದ್ದು ಕೇಳಿದರೆ ನಮ್ಮದೇ ಬೆನ್ನು ತರಚಿದ ಹಾಗಾಗುತ್ತಿತ್ತು.

ಮೊದಲ ವಾರದಲ್ಲಿಯೇ ಸೈಲೆನ್ಸರ್ ಕಳಚಿತು. ಆಗ ಯಾರೋ ಹೇಳಿದರು, "ಮಳೆಗಾಲಕ್ಕೆ ಗಾಡಿ ಸ್ವಲ್ಪ ಎತ್ತಿಸಿ ಮಾರಾಯ್ರೇ, ಎಲ್ಲರೂ ಮಾಡುತ್ತಾರೆ." ಹೌದು, ಆಗ ಎಲ್ಲರೂ ಮಾಡುತ್ತಿದ್ದರು. ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಈ ರಬ್ಬರ್ ಬಳೆ ಸಿಗುತ್ತಿತ್ತು. ಜಾಕ್ ಕೊಟ್ಟು ಗಾಡಿ ಎತ್ತಿದರೆ ಮುಂದಿನ ಸ್ಪ್ರಿಂಗಿನ ಸುರುಳಿ ಬಿಡಿಸಿಕೊಳ್ಳುತ್ತದೆ, ಸೋಪಿನ ನೀರು ಸವರಿ ಸುರುಳಿಗಳ ನಡುವೆ ಬಳೆಯನ್ನು ತುರುಕಿದರೆ ಆಯಿತು. ಹಿಂದಿನ ಚಕ್ರಗಳ ಮೇಲೆ ಓಮ್ನಿಗೆ ಇರುವುದು ಪ್ಲೇಟಿನ ಕಟ್ಟು. ಅಲ್ಲಿ ಒಂದೊಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದೆವು. ಗಾಡಿ ಮುಂದೆ ಎರಡು ಬೆರಳು, ಹಿಂದೆ ಮೂರು ಬೆರಳು ಎದ್ದು ನಿಂತಿತು. ಹಿಂದಿ ಟೀಚರಿಗೆ ಹತ್ತಲು ಸ್ವಲ್ಪ ಕಷ್ಟವಾಯಿತೇ ಹೊರತು ಹೊಟ್ಟೆ ಉಜ್ಜುವುದು ನಿಂತಿತು. ದೀಪಾವಳಿ ಕಳೆದು ದಾರಿ ಒಣಗಿದ ಮೇಲೆ, ನವೆಂಬರಿನಲ್ಲಿ, ಬಳೆ ಮತ್ತು ಪ್ಲೇಟ್ ತೆಗೆಸಿದೆವು. ಎತ್ತರದಲ್ಲಿ ಗಾಡಿ ತಿರುವಿನಲ್ಲಿ ವಾಲುತ್ತಿತ್ತು, ಒಣ ರಸ್ತೆಯಲ್ಲಿ ಕುಲುಕುತ್ತಿತ್ತು. ಅದಕ್ಕೇ ಬೇಸಗೆಗೆ ಕೆಳಗೆ, ಮಳೆಗಾಲಕ್ಕೆ ಮೇಲೆ. ಕೊಡೆ ತೆಗೆದಿಡುವಷ್ಟೇ ಸಲೀಸಾದ ಕೆಲಸ ಎಂದು ನಾವು ತಿಳಿದಿದ್ದೆವು.

ಗಾಡಿ ಮಾತ್ರ ಸುಮ್ಮನಿರಲಿಲ್ಲ, ಹೇಳುತ್ತಲೇ ಇತ್ತು. ನಮಗೆ ಕೇಳಿಸಲಿಲ್ಲ. ಬಳೆ ಹಾಕಿದ ದಿನಗಳಲ್ಲಿ ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಕೈಯಿಂದಲೇ ತಿರುಗಿಸಿ ತರಬೇಕು ಎಂದು ಡ್ರಾಯಿಂಗ್ ಮಾಷ್ಟ್ರು ಎರಡು ಸಲ ಹೇಳಿದ್ದರು. ಅವರಿಗೆ ಕೈನೋವು ಇರಬಹುದು ಎಂದುಕೊಂಡೆವು. ನೀರ್ಚಾಲು ದಾಟಿದ ಮೇಲೆ ನೇರ ರಸ್ತೆಯಲ್ಲಿ ಟಯರ್ ಗುಂಯ್ ಎಂದು ಸದ್ದು ಮಾಡುತ್ತಿತ್ತು. ಒದ್ದೆ ರಸ್ತೆಯ ಸದ್ದು ಎಂದುಕೊಂಡೆವು. 2012ರ ಮೇ ತಿಂಗಳಲ್ಲಿ ನೋಡಿದರೆ ಮುಂದಿನ ಎರಡೂ ಟಯರಿನ ಹೊರ ಅಂಚು ಬೋಳು. ಕೈ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. 2010ರ ಜೂನಿನಲ್ಲಿ ಹೊಸದಾಗಿ ಹಾಕಿದ ಟಯರುಗಳು 21,000 ಕಿಲೋಮೀಟರಿಗೆ ಮುಗಿದುಹೋಗಿದ್ದವು.

ಟಯರ್ ಅಂಗಡಿಯವರು ನೋಡಿ, "ಎತ್ತರ ಮಾಡಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲಿಲ್ಲವಾ?" ಎಂದರು. ಸರಿ, ತಪ್ಪು ಒಪ್ಪಿಕೊಂಡೆವು. ಆ ವರ್ಷ ಜೂನಿನಲ್ಲಿ ಹೊಸ ಟಯರ್, ಬಳೆ, ಪ್ಲೇಟ್, ಜೊತೆಗೆ 250 ರೂಪಾಯಿ ಕೊಟ್ಟು ಅಲೈನ್‌ಮೆಂಟ್. ಮಳೆಗಾಲವಿಡೀ ಗಾಡಿ ಚೆನ್ನಾಗಿ ಓಡಿತು. ಗುಂಯ್ ಸದ್ದು ಇಲ್ಲ. ನಾವು ಬುದ್ಧಿವಂತರಾದೆವು ಎಂದು ತಿಳಿದೆವು. ನವೆಂಬರ್ ಬಂತು. ಬಳೆ, ಪ್ಲೇಟ್ ತೆಗೆಸಿದೆವು. ಈಗ ಅಲೈನ್‌ಮೆಂಟ್ ಬೇಕೇ ಎಂಬ ಪ್ರಶ್ನೆ ಸ್ಟಾಫ್ ರೂಮಿನಲ್ಲಿ ಬಂದದ್ದು ನಿಜ. "ಎತ್ತಿಸಿದಾಗ ತಾನೇ ಕೆಡುವುದು, ಈಗ ಇದ್ದಲ್ಲಿಗೇ ಬಂದಿದೆಯಲ್ಲ, ಮತ್ತೆಂತಕ್ಕೆ?" ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಯಾರು ಹೇಳಿದ್ದೆಂದು ಬರೆಯುವುದಿಲ್ಲ, ಏಕೆಂದರೆ ಉಳಿದ ನಾಲ್ವರೂ ತಲೆಯಾಡಿಸಿದ್ದೆವು. 250 ರೂಪಾಯಿ ಉಳಿಯಿತು, ತಲಾ ಐವತ್ತು.

ಆ ಸಾಲಿನ ಯು.ಎಸ್.ಎಸ್. ಪರೀಕ್ಷೆಯ ದಿನ. ಈ ಕಡೆಯ ಓದುಗರಲ್ಲದವರಿಗಾಗಿ ಹೇಳುವುದಾದರೆ, ಏಳನೇ ತರಗತಿಯ ಮಕ್ಕಳಿಗೆ ಕೇರಳದಲ್ಲಿ ನಡೆಯುವ ಸ್ಕಾಲರ್‌ಶಿಪ್ ಪರೀಕ್ಷೆ ಅದು. ನಮ್ಮಂಥ ಸಣ್ಣ ಕನ್ನಡ ಶಾಲೆಗೆ ಒಂದು ಯು.ಎಸ್.ಎಸ್. ಸಿಕ್ಕಿದರೆ ಅದು ಊರಿಗೇ ಹಬ್ಬ. ಮುಂದಿನ ವರ್ಷ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋಗುವಾಗ ಹೇಳಲಿಕ್ಕೆ ಒಂದು ಮಾತು. ಐದು ಮಕ್ಕಳು ಮೂರು ತಿಂಗಳು ಶನಿವಾರವೂ ಬಂದು ತಯಾರಿ ಮಾಡಿದ್ದರು. ಪರೀಕ್ಷೆ ಪೇಟೆಯ ಶಾಲೆಯಲ್ಲಿ. ಡ್ರಾಯಿಂಗ್ ಮಾಷ್ಟ್ರು ಗಾಡಿ ಓಡಿಸಿದರು, ಹಿಂದಿ ಟೀಚರ್ ಮಕ್ಕಳ ಜೊತೆ ಹಿಂದೆ ಕೂತರು. ಉಳಿದ ಮೂವರು ಬಸ್ಸಿನಲ್ಲಿ ನೇರ ಪೇಟೆಗೆ ಹೋಗಿ ಕಾಯುತ್ತಿದ್ದೆವು.

ಗುಡ್ಡೆಯ ಇಳಿಜಾರಿನಲ್ಲಿ, ಬಲಕ್ಕೆ ತಿರುಗುವ ಕಡೆ, ಮುಂದಿನ ಎಡ ಟಯರ್ ಒಡೆಯಿತು. ಪಟಾಕಿಯ ಸದ್ದು. ಸ್ಟೀರಿಂಗ್ ಎಡಕ್ಕೆ ಎಳೆಯಿತು. ಎಡಬದಿಗೆ ಹತ್ತಡಿ ಕೆಳಗೆ ಅಡಿಕೆ ತೋಟ. ಗಾಡಿ ನಿಧಾನವಾಗಿತ್ತು, ಮಾಷ್ಟ್ರು ಬ್ರೇಕನ್ನು ಒಮ್ಮೆಲೇ ಒತ್ತದೆ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದರು. ರಸ್ತೆಯ ಬದಿಯ ಮುರಕಲ್ಲಿನ ಗಟ್ಟಿಗೆ ಮೂತಿ ತಾಗಿ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎರಡನೇ ಸಾಲಿನಲ್ಲಿದ್ದ ಹುಡುಗಿಯ ಕಂಪಾಸ್ ಬಾಕ್ಸ್ ಬಿದ್ದು ಕೈವಾರ, ಕೋನಮಾಪಕ ಎಲ್ಲ ಗಾಡಿಯೊಳಗೆ ಚೆಲ್ಲಿದವು, ಅಷ್ಟೇ. ಚೆಲ್ಲಿದ್ದನ್ನು ಹೆಕ್ಕಿ ಕೊಡುವಾಗ ಹಿಂದಿ ಟೀಚರ ಕೈ ನಡುಗುತ್ತಿತ್ತು.

ಸ್ಟೆಪ್ನಿ ಹಾಕಿ ಹೊರಡುವಾಗ ಅರ್ಧ ಗಂಟೆ ಹೋಯಿತು. ಪರೀಕ್ಷೆ ಶುರುವಾಗಿ ಹನ್ನೆರಡು ನಿಮಿಷಕ್ಕೆ ಮಕ್ಕಳು ಒಳಗೆ ಹೋದರು. ಅಲ್ಲಿನವರು ಒಳ್ಳೆಯವರು, ಬಿಟ್ಟರು. ಫಲಿತಾಂಶ ಬಂದಾಗ ಒಬ್ಬಳಿಗೆ ಸ್ಕಾಲರ್‌ಶಿಪ್ ಇತ್ತು. ನಮ್ಮೆಲ್ಲರ ಲೆಕ್ಕದಲ್ಲಿ ಖಂಡಿತ ಬರುತ್ತದೆ ಎಂದಿದ್ದ ಹುಡುಗನೊಬ್ಬನಿಗೆ ಎರಡು ಅಂಕ ಕಡಿಮೆಯಾಗಿ ಹೋಗಿತ್ತು. ಟಯರ್ ಒಡೆಯದಿದ್ದರೆ ಬರುತ್ತಿತ್ತೇ? ಹೇಳಲಾಗದು. ಅವನ ತಂದೆ ಒಂದು ಮಾತೂ ಆಡಲಿಲ್ಲ. "ಮಕ್ಕಳು ಕ್ಷೇಮವಾಗಿದ್ದಾರಲ್ಲ ಮಾಷ್ಟ್ರೇ" ಎಂದಷ್ಟೇ ಹೇಳಿದರು. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಒಡೆದ ಟಯರನ್ನು ಬಿಚ್ಚಿ ತಿರುಗಿಸಿ ನೋಡಿದಾಗ ನಾವು ಮೂಕರಾದೆವು. ಹೊರಗಿನಿಂದ ಹೊಸತು. ಹೂವು ಹೂವಾಗಿ ಅಚ್ಚು ಇನ್ನೂ ಇದೆ. ಒಳ ಅಂಚಿನಲ್ಲಿ ಮಾತ್ರ ರಬ್ಬರೇ ಇಲ್ಲ, ತಂತಿ ಕಾಣುತ್ತಿತ್ತು. ಬಲದ ಟಯರಿನದ್ದೂ ಅದೇ ಗತಿ, ಇನ್ನೂ ಸ್ವಲ್ಪ ದಿನ ತಾಳುತ್ತಿತ್ತು ಅಷ್ಟೇ. ದಿನಾ ಬೆಳಗ್ಗೆ ಗಾಡಿಗೆ ಸುತ್ತು ಬಂದು ನಾವು ಟಯರ್ ನೋಡುತ್ತಿದ್ದೆವಲ್ಲ, ನೋಡಿದ್ದು ಹೊರಗಿನ ಮುಖವನ್ನು.

ಗಣಿತದ ಮಾಷ್ಟ್ರಿಗೆ ಸಿಟ್ಟು. ಗಾಡಿ ಲೆಕ್ಕದ ಪುಸ್ತಕ ತಂದು ಮೇಜಿನ ಮೇಲೆ ಹಾಕಿದರು. "ಅಲೈನ್‌ಮೆಂಟ್ ಮಾಡಿಸದ ಟಯರ್ 21,000 ಕಿಲೋಮೀಟರು ಓಡಿದೆ. ಮಾಡಿಸಿದ ಟಯರ್ 9,000. ಇದಕ್ಕೆ ಎಂತ ಹೇಳುತ್ತೀರಿ? ಅಲೈನ್‌ಮೆಂಟ್ ಎಂಬುದೇ ದುಡ್ಡು ಕೀಳುವ ಕೆಲಸ." ಅಂಕಿಗಳು ಅವರ ಕಡೆಗಿದ್ದವು. ನಮಗೂ ಹಾಗೆಯೇ ಅನ್ನಿಸಿತು. ಆ ಪುಸ್ತಕವನ್ನೇ ಹಿಡಿದುಕೊಂಡು, ಜಗಳಕ್ಕೆ ಹೋದ ಹಾಗೆ, ನಮ್ಮ ಗಾಡಿ ನೋಡುವ ಗ್ಯಾರೇಜಿನ ಹಿರಿಯರ ಹತ್ತಿರ ಹೋದೆವು.

ಅವರು ಶಾಲೆ ಬಿಟ್ಟದ್ದು ಐದನೇ ತರಗತಿಗೆ. ಮಾತು ಹೆಚ್ಚು ತುಳುವಿನಲ್ಲಿ, ನಮಗಾಗಿ ಕನ್ನಡದಲ್ಲಿ. ಪುಸ್ತಕದ ಪುಟಗಳ ಮೇಲೆ ಗ್ರೀಸಿನ ಬೆರಳು ತಾಗದಂತೆ ಮೊಣಕೈಯಿಂದ ಒತ್ತಿ ಹಿಡಿದು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅಲೈನ್‌ಮೆಂಟ್ ಮಾಡಿಸುವಾಗ ಗಾಡಿ ಯಾವ ಎತ್ತರದಲ್ಲಿತ್ತು ಮಾಷ್ಟ್ರೇ?"

"ಮೇಲೆ. ಬಳೆ ಹಾಕಿತ್ತು."

"ಮತ್ತೆ ಕೆಳಗೆ ಇಳಿಸಿದ ಮೇಲೆ ಯಾರು ನೋಡಿದ್ದು?"

ನಾವು ಯಾರೂ ಉತ್ತರ ಕೊಡಲಿಲ್ಲ. ಕೊಡಬೇಕಾದ ಅಗತ್ಯವೂ ಇರಲಿಲ್ಲ.

ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಮುಂದಿನ ಚಕ್ರವನ್ನು ಅಡಿಯಲ್ಲಿ ಹಿಡಿದಿರುವುದು ಒಂದು ತೋಳು. ಅದನ್ನು ಎಡಬಲಕ್ಕೆ ತಿರುಗಿಸಲು ಸ್ಟೀರಿಂಗಿನಿಂದ ಬರುವುದು ಇನ್ನೊಂದು ಸರಳು, ಅದಕ್ಕೆ ಟೈ ರಾಡ್ ಎನ್ನುತ್ತಾರೆ. ಎರಡರ ಒಳತುದಿ ಗಾಡಿಯ ಮೈಗೆ, ಹೊರತುದಿ ಚಕ್ರದ ಕಡೆಗೆ. ಗಾಡಿಯ ಮೈ ಮೇಲೆದ್ದರೆ ಎರಡೂ ಹೊರತುದಿಗಳು ಮೈಯ ಲೆಕ್ಕದಲ್ಲಿ ಕೆಳಕ್ಕೆ ಇಳಿಯುತ್ತವೆ. ನೇರ ಕೆಳಕ್ಕಲ್ಲ, ಕೈವಾರದ ಸೀಸದ ಹಾಗೆ ಕಮಾನಿನಲ್ಲಿ. ಇಲ್ಲಿ ಎರಡು ಕೈವಾರಗಳಿವೆ. ಎರಡರ ಕೇಂದ್ರ ಬೇರೆ, ತ್ರಿಜ್ಯ ಬೇರೆ. ಕಂಪೆನಿಯವರು ಗಾಡಿಗೆ ನಿಗದಿ ಮಾಡಿದ ಎತ್ತರದ ಆಸುಪಾಸಿನಲ್ಲಿ ಎರಡೂ ಕಮಾನುಗಳು ಹೆಚ್ಚುಕಡಿಮೆ ಜೊತೆಯಾಗಿ ಸಾಗುವಂತೆ ಮಾಡಿರುತ್ತಾರೆ. ಆ ಎತ್ತರ ಬಿಟ್ಟು ದೂರ ಹೋದಷ್ಟೂ ಒಂದು ಕಮಾನು ಇನ್ನೊಂದಕ್ಕಿಂತ ಒಳಗೆ ಬರುತ್ತದೆ. ಆಗ ಸ್ಟೀರಿಂಗ್ ಮುಟ್ಟದೆಯೇ ಚಕ್ರ ತಾನಾಗಿ ಸ್ವಲ್ಪ ತಿರುಗುತ್ತದೆ. ಎರಡು ಮುಂಚಕ್ರಗಳ ಮೂತಿ ಒಳಕ್ಕೆ ಅಥವಾ ಹೊರಕ್ಕೆ ಮಾಡಿಕೊಳ್ಳುತ್ತದೆ. ಇದಕ್ಕೆ ಅವರ ಮಾತಿನಲ್ಲಿ ಟೋ ಎಂದು ಹೆಸರು. ಹೆಬ್ಬೆರಳನ್ನು ಒಳಗೆ ಮಾಡಿ ನಡೆಯುವವರ ಚಪ್ಪಲಿ ಒಂದೇ ಕಡೆ ಸವೆಯುತ್ತದಲ್ಲ, ಹಾಗೆ ಟಯರೂ ಸವೆಯುತ್ತದೆ.

ನಮ್ಮ ಗಾಡಿಯಲ್ಲಿ ಎತ್ತರಿಸಿದಾಗ ಮೂತಿ ಒಳಕ್ಕಾಗುತ್ತಿತ್ತು. ಜೊತೆಗೆ ಕೆಳಗಿನ ತೋಳು ಚಕ್ರದ ಅಡಿಯನ್ನು ಒಳಕ್ಕೆ ಎಳೆದು ಚಕ್ರದ ತಲೆ ಹೊರಕ್ಕೆ ವಾಲುತ್ತಿತ್ತು, ಅದು ಕ್ಯಾಂಬರ್. ಎರಡೂ ಸೇರಿ ಮೊದಲ ಎರಡು ವರ್ಷ ಹೊರ ಅಂಚು ತಿಂದವು. ಆದರೂ ತಪ್ಪು ಸ್ಥಿತಿಯಲ್ಲಿ ಓಡಿದ್ದು ಮಳೆಗಾಲದ ಐದು ತಿಂಗಳು. ನವೆಂಬರಿನಲ್ಲಿ ಇಳಿಸಿದಾಗ ಗಾಡಿ ಹಳೆಯ ಸರಿಯಾದ ಸ್ಥಿತಿಗೇ ಬರುತ್ತಿತ್ತು. ಮೂರನೇ ವರ್ಷ ನಾವೇನು ಮಾಡಿದೆವು? ಎತ್ತರದಲ್ಲಿ ಟೈ ರಾಡನ್ನು ಹೊಂದಿಸಿ ನೇರ ಮಾಡಿದೆವು. ಆ ಹೊಂದಿಕೆ ಇದ್ದಂತೆಯೇ ಗಾಡಿಯನ್ನು ಇಳಿಸಿದೆವು. ಎತ್ತರಕ್ಕಾಗಿ ಮಾಡಿದ ತಿದ್ದುಪಡಿ ತಗ್ಗಿನಲ್ಲಿ ತಪ್ಪಾಯಿತು. ಈಗ ಮೂತಿ ಹೊರಕ್ಕೆ, ಸವೆತ ಒಳ ಅಂಚಿಗೆ, ಅದೂ ಕಣ್ಣಿಗೆ ಬೀಳದ ಕಡೆ. ಗಾಡಿ ಇದ್ದಲ್ಲಿಗೇ ಬಂದಿದೆ ಎಂದೆವಲ್ಲ, ಎತ್ತರ ಮಾತ್ರ ಇದ್ದಲ್ಲಿಗೆ ಬಂದಿತ್ತು. ಟೈ ರಾಡ್ ಬಂದಿರಲಿಲ್ಲ.

ಸ್ಟೀರಿಂಗ್ ತಾನಾಗಿ ಹಿಂದೆ ಬಾರದ್ದಕ್ಕೂ ಕಾರಣ ಸಿಕ್ಕಿತು. ಮುಂದೆ ಎರಡು ಬೆರಳು, ಹಿಂದೆ ಮೂರು ಬೆರಳು ಎತ್ತಿದ್ದರಿಂದ ಗಾಡಿ ಮುಂದಕ್ಕೆ ಬಾಗಿತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದಲೇ ಅಲ್ಲವೇ ಕೈ ಬಿಟ್ಟರೂ ಚಕ್ರ ನೇರ ಹೋಗುವುದು? ಕಾರಿನ ಚಕ್ರಕ್ಕೂ ಅಂಥ ಒಂದು ಓರೆ ಇದೆ, ಅದು ಕ್ಯಾಸ್ಟರ್. ಗಾಡಿ ಮುಂದಕ್ಕೆ ಬಾಗಿದರೆ ಆ ಓರೆ ಕಡಿಮೆಯಾಗುತ್ತದೆ, ಸ್ಟೀರಿಂಗ್ ಸೋಮಾರಿಯಾಗುತ್ತದೆ. ಡ್ರಾಯಿಂಗ್ ಮಾಷ್ಟ್ರ ಕೈಗೆ ನೋವು ಇರಲಿಲ್ಲ!

ಇಷ್ಟು ತಿಳಿದ ಮೇಲೂ ಗಣಿತದ ಮಾಷ್ಟ್ರಿಗೆ ಸಮಾಧಾನವಿಲ್ಲ. ಅಳೆದು ನೋಡದೆ ಒಪ್ಪುವವರಲ್ಲ. ಆ ವಾರವೇ ಶಾಲೆಯ ಅಂಗಳದಲ್ಲಿ, ಸಿಮೆಂಟು ಹಾಕಿದ ಸಮತಟ್ಟು ಜಾಗದಲ್ಲಿ, ಏಳನೇ ತರಗತಿಯ ಮಕ್ಕಳನ್ನು ಕರೆದು ಗಾಡಿ ಅಳೆಸಿದರು. ಪರೀಕ್ಷೆಗೆ ಹೋದ ಐವರೂ ಇದ್ದರು. ಇದನ್ನು ಯಾರೂ ಮಾಡಬಹುದು, ಹಾಗಾಗಿ ಬಿಡಿಸಿ ಬರೆಯುತ್ತೇವೆ. ಮುಂದಿನ ಎರಡೂ ಟಯರಿನ ಮುಂಬದಿಯಲ್ಲಿ, ನೆಲದಿಂದ ಚಕ್ರದ ನಡುವಿನಷ್ಟು ಎತ್ತರಕ್ಕೆ, ಅಚ್ಚಿನ ನಟ್ಟನಡುವೆ ಸೀಮೆಸುಣ್ಣದ ಒಂದು ಗುರುತು. ಎರಡು ಗುರುತುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆಯುವುದು. ಆಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳಿ ಚಕ್ರ ಅರ್ಧ ಸುತ್ತು ತಿರುಗಿದಾಗ ನಿಲ್ಲಿಸುವುದು. ಈಗ ಅದೇ ಗುರುತುಗಳು ಚಕ್ರದ ಹಿಂಬದಿಗೆ ಅದೇ ಎತ್ತರದಲ್ಲಿ ಬಂದಿರುತ್ತವೆ. ಮತ್ತೆ ಅಳೆಯುವುದು. ನಡುವೆ ಎಂಜಿನ್, ಅದೂ ಇದೂ ಅಡ್ಡ ಬರುತ್ತದೆ, ಅದಕ್ಕೆ ಮಕ್ಕಳು ಗುರುತಿನಿಂದ ತೂಗುಗುಂಡು ಇಳಿಸಿ ನೆಲದ ಮೇಲೆ ಚುಕ್ಕಿ ಹಾಕಿ, ಗಾಡಿ ಸರಿಸಿದ ಮೇಲೆ ಚುಕ್ಕಿಗಳ ಅಂತರ ಅಳೆದರು. ಎರಡು ಅಳತೆಗಳ ವ್ಯತ್ಯಾಸವೇ ಟೋ. ಒಂದೆರಡು ಮಿಲಿಮೀಟರಿನೊಳಗೆ ಇರಬೇಕಾದದ್ದು.

ನಮ್ಮದು 9 ಮಿಲಿಮೀಟರು. ಮುಂದೆ ಅಗಲ, ಹಿಂದೆ ಕಿರಿದು. ಮಕ್ಕಳು ಮೂರು ಸಲ ಅಳೆದರು, ಎರಡು ಸಲ 9, ಒಂದು ಸಲ 10. ಸ್ಕಾಲರ್‌ಶಿಪ್ ತಪ್ಪಿದ ಹುಡುಗನೇ ತೂಗುಗುಂಡು ಹಿಡಿದದ್ದು. "ಮಾಷೆ, ಇಷ್ಟೇ ಇಷ್ಟಕ್ಕೆ ಟಯರ್ ಒಡೆಯುತ್ತದಾ?" ಎಂದು ಕೇಳಿದ. ಪ್ರತಿ ಕಿಲೋಮೀಟರಿಗೂ ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೆ ಕೆಲವು ಮೀಟರು ಉಜ್ಜಿಕೊಂಡೇ ಹೋಗುತ್ತದೆ ಎಂದು ಗಣಿತದ ಮಾಷ್ಟ್ರು ನೆಲದ ಮೇಲೆಯೇ ತ್ರಿಕೋನ ಬರೆದು ತೋರಿಸಿದರು. ಅವನಿಗೆ ಅರ್ಥವಾಯಿತು. ನಮಗೆ ಅವನ ಮುಖ ನೋಡುವುದು ಕಷ್ಟವಾಯಿತು.

ಅಂದಿನಿಂದ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನಲ್ಲಿ ಒಂದು ಕ್ರಮ ಬರೆದು ಅಂಟಿಸಿದೆವು. ಮೊದಲು ಟಯರಿನ ಗಾಳಿ ನೋಡುವುದು. ಆಮೇಲೆ ಟೈ ರಾಡಿನ ತುದಿ, ಬಾಲ್ ಜಾಯಿಂಟ್, ಬುಷ್ ಇವುಗಳಲ್ಲಿ ಸಡಿಲ ಇದೆಯೇ ನೋಡಿಸುವುದು. ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮನೆ ಮುಟ್ಟುವಷ್ಟರಲ್ಲಿ ಅದು ಹೋಗಿರುತ್ತದೆ. ಎತ್ತರ ಬದಲಿಸಿದ ಮೇಲೆ ಎರಡು ಮೂರು ದಿನ ಮೆಲ್ಲಗೆ ಓಡಿಸಿ ಸ್ಪ್ರಿಂಗ್ ಕೂರಲು ಬಿಡುವುದು. ಎಡಬಲ ಎತ್ತರ ಒಂದೇ ಇದೆಯೇ ಎಂದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯುವುದು. ಆಮೇಲೆ ಅಲೈನ್‌ಮೆಂಟ್, ಸ್ಟೀರಿಂಗ್ ನೇರ ಹಿಡಿದು, ಎರಡೂ ಬದಿಯ ಟೈ ರಾಡಿನಲ್ಲಿ ಸಮಪಾಲಾಗಿ. ಕೊನೆಗೆ ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ಹೆಡ್‌ಲೈಟ್ ಎಲ್ಲಿ ಬೀಳುತ್ತದೆ ನೋಡುವುದು, ಏಕೆಂದರೆ ಗಾಡಿ ಬಾಗಿದರೆ ಬೆಳಕೂ ಬಾಗುತ್ತದೆ. ಇವೆಲ್ಲ ಜೂನಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಇನ್ನೊಮ್ಮೆ. ಇನ್ನೊಮ್ಮೆ ಎಂಬ ಪದಕ್ಕೆ ಹಿಂದಿ ಟೀಚರ್ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು. ತಿಂಗಳಿಗೊಮ್ಮೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಟಯರಿನ ಒಳ ಅಂಚಿಗೆ ಕೈ ಹಾಕಿ ಸವರುವ ಕೆಲಸ ಅರಬಿಕ್ ಮಾಷ್ಟ್ರದ್ದಾಯಿತು. ಅವರು ಒಂದು ತಿಂಗಳೂ ತಪ್ಪಿಸಲಿಲ್ಲ.

ಆ ಕ್ರಮದಲ್ಲಿ ಹಾಕಿದ ಮುಂದಿನ ಟಯರುಗಳು 36,000 ಕಿಲೋಮೀಟರು ಓಡಿದವು. ಎರಡು ಟಯರಿಗೆ 5,000 ರೂಪಾಯಿ, ಒಂದು ಅಲೈನ್‌ಮೆಂಟಿಗೆ 250 ಎಂದು ಹಿಡಿದು ಗಣಿತದ ಮಾಷ್ಟ್ರು ಲೆಕ್ಕ ಹಾಕಿದರು. ಒಮ್ಮೆಯೂ ಮಾಡಿಸದಾಗ ಕಿಲೋಮೀಟರಿಗೆ 24 ಪೈಸೆ. ಜೂನಿನಲ್ಲಿ ಮಾತ್ರ ಮಾಡಿಸಿದಾಗ 58 ಪೈಸೆ. ವರ್ಷಕ್ಕೆ ಎರಡು ಸಲದಂತೆ ಏಳು ಸಲ ಮಾಡಿಸಿಯೂ 19 ಪೈಸೆ. ಅರ್ಧ ಮಾಡಿದ ಕೆಲಸ, ಮಾಡದ ಕೆಲಸಕ್ಕಿಂತ ಎರಡೂವರೆ ಪಾಲು ದುಬಾರಿ ಎಂದು ಅದರ ಕೆಳಗೆ ಬರೆದು ಸಹಿ ಹಾಕಿದರು. ಎರಡು ಅಂಕದ ಲೆಕ್ಕ ಮಾತ್ರ ಆ ಪುಸ್ತಕದಲ್ಲಿ ಎಲ್ಲಿಯೂ ಬರೆಯಲಾಗಲಿಲ್ಲ.

ಒಂದು ಸಂಜೆ ಗಾಡಿಯಲ್ಲಿ ಹಿಂದೆ ಬರುವಾಗ ಹಿಂದಿ ಟೀಚರ್ ಹೇಳಿದರು, "ನಮ್ಮ ಮಕ್ಕಳದ್ದೂ ಇದೇ ಕತೆ ಅಲ್ಲವಾ? ಏಳರವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತವೆ. ಹೊಸ ಎತ್ತರ. ಹೊರಗಿನಿಂದ ಯೂನಿಫಾರ್ಮ್ ಹೊಸತು. ಒಳಗೆ ಎಂತ ಸವೆಯುತ್ತಿದೆಯೋ ಯಾರು ನೋಡುತ್ತಾರೆ?" ಅರಬಿಕ್ ಮಾಷ್ಟ್ರು, "ಟೀಚರಿಗೆ ಟಯರಿನಲ್ಲೂ ಪಾಠ!" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕೆವು. ಆದರೆ ಆ ವರ್ಷದಿಂದ ನಾವು ಎಂಟಕ್ಕೆ ಹೋದ ನಮ್ಮ ಮಕ್ಕಳನ್ನು ಓಣಂ ಪರೀಕ್ಷೆ ಮುಗಿದ ಮೇಲೆ ಒಂದು ಶನಿವಾರ ಶಾಲೆಗೆ ಕರೆಯುತ್ತೇವೆ. ಚಹಾ, ಅವಲಕ್ಕಿ, ಮಾತು. ಯಾವ ಪಾಠ ಅರ್ಥವಾಗುತ್ತಿಲ್ಲ ಎಂದು ಅವರೇ ಹೇಳುತ್ತಾರೆ. ಮೊದಲ ವರ್ಷ ಬಂದವರಲ್ಲಿ ತೂಗುಗುಂಡು ಹಿಡಿದ ಹುಡುಗನೂ ಇದ್ದ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ವಿವರಿಸಿ ತೀರ್ಪು ಕೊಟ್ಟಿತು. ನಮ್ಮ ರಬ್ಬರ್ ಬಳೆ ಅದರೊಳಗೆ ಬರುತ್ತದೆಯೋ ಇಲ್ಲವೋ ಎಂದು ಸ್ಟಾಫ್ ರೂಮಿನಲ್ಲಿ ವಾದ ಮಾಡಬಹುದಿತ್ತು. ಮಾಡಲಿಲ್ಲ. ಮಕ್ಕಳಿಗೆ ನಿಯಮ ಹೇಳುವವರು ನಾವು. ಬಳೆಗಳು ಕಪಾಟು ಸೇರಿದವು, ಹೆಚ್ಚಿನ ಪ್ಲೇಟುಗಳು ಗುಜರಿಗೆ ಹೋದವು. ಕಂಪೆನಿ ಇಟ್ಟ ಎತ್ತರದಲ್ಲಿ ಕೊನೆಯ ಸಲ ಅಲೈನ್‌ಮೆಂಟ್ ಮಾಡಿಸಿ ಟೈ ರಾಡಿನ ನಟ್ಟಿಗೆ ಡ್ರಾಯಿಂಗ್ ಮಾಷ್ಟ್ರು ಹಳದಿ ಬಣ್ಣದ ಗುರುತು ಹಾಕಿದರು. ಅದೇ ವರ್ಷ ಕಂಪೆನಿಯೂ ಓಮ್ನಿ ತಯಾರಿಸುವುದನ್ನು ನಿಲ್ಲಿಸಿತು.

ಈಗ ಮಳೆಗಾಲಕ್ಕೆ ಎಂತ ಮಾಡುತ್ತೀರಿ ಎಂದು ಕೇಳಬಹುದು. ಹತ್ತು ನಿಮಿಷ ಮುಂಚೆ ಹೊರಡುತ್ತೇವೆ. ಮುರಕಲ್ಲಿನ ದಾರಿಯ ಕೆಟ್ಟ ತುಂಡಿನಲ್ಲಿ ಡ್ರೈವರ್ ಬಿಟ್ಟು ಉಳಿದವರು ಇಳಿದು ಕೊಡೆ ಹಿಡಿದು ನಡೆಯುತ್ತೇವೆ. ನಾಲ್ಕು ಜನ ಇಳಿದರೆ ಗಾಡಿ ತಾನಾಗಿ ಒಂದು ಬೆರಳು ಮೇಲೇಳುತ್ತದೆ, ಅದಕ್ಕೆ ಬಳೆಯೂ ಬೇಡ, ಅಲೈನ್‌ಮೆಂಟೂ ಬೇಡ! 2023ರಲ್ಲಿ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವಾಗಲೂ ಗಾಡಿ ತಕರಾರಿಲ್ಲದೆ ಪಾಸಾಯಿತು. ಗಣಿತದ ಮಾಷ್ಟ್ರು ನಿವೃತ್ತರಾಗಿದ್ದಾರೆ, ಪುಸ್ತಕ ಈಗ ಅವರ ಜಾಗಕ್ಕೆ ಬಂದ ಟೀಚರ ಕೈಯಲ್ಲಿದೆ.

ಬಳೆ ಹಾಕದಿದ್ದರೂ ಎತ್ತರ ಬದಲಾಗುವ ಸಂದರ್ಭಗಳು ಬೇರೆ ಇವೆ ಎಂಬುದನ್ನು ಮಾತ್ರ ಮರೆಯಬೇಡಿ. ಸ್ಪ್ರಿಂಗ್ ಹಳೆಯದಾಗಿ ಕುಸಿದಾಗ, ಹೊಸ ಸ್ಪ್ರಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಹಾಕಿಸಿದಾಗ ನೋಡಿಸಲೇಬೇಕು. ಹೊಂಡಕ್ಕೆ ಜೋರಾಗಿ ಬಿದ್ದರೆ ಎತ್ತರ ಬದಲಾಗದಿದ್ದರೂ ಚಕ್ರದ ನೇರ ತಪ್ಪಬಹುದು, ಆಗಲೂ ನೋಡಿಸಿ. ಗುಂಡಿ ಒತ್ತಿದರೆ ಏರಿಳಿಯುವ ಗಾಳಿಯ ಸಸ್ಪೆನ್ಷನ್ನಿನ ದುಬಾರಿ ಕಾರುಗಳಿಗೂ ಅಲೈನ್‌ಮೆಂಟ್ ಮಾಡಬೇಕಾದದ್ದು ಕಂಪೆನಿ ಹೇಳಿದ ಎತ್ತರದಲ್ಲಿ ನಿಲ್ಲಿಸಿಯೇ. ಕಾರು ಯಾವುದೇ ಇರಲಿ, ಕೇಳಬೇಕಾದದ್ದು ಗ್ಯಾರೇಜಿನ ಆ ಹಿರಿಯರ ಪ್ರಶ್ನೆ: ಯಾವ ಎತ್ತರದಲ್ಲಿ ಮಾಡಿಸಿದ್ದು, ಈಗ ಯಾವ ಎತ್ತರದಲ್ಲಿದೆ?

ತೂಗುಗುಂಡು ಹಿಡಿದ ಹುಡುಗ ಈಗ ದೊಡ್ಡವನಾಗಿದ್ದಾನೆ. ಡಿಪ್ಲೊಮಾ ಮುಗಿಸಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಕಳೆದ ಬೇಸಗೆಯಲ್ಲಿ ಹೊಸ ಬೈಕಿನಲ್ಲಿ ಶಾಲೆಗೆ ಬಂದಿದ್ದ. ಕೈಮುಗಿದು, ನಮ್ಮ ಜೊತೆ ಮಾತಾಡುತ್ತಾ ಆಡುತ್ತಾ ಓಮ್ನಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಂದಿನ ಎಡ ಟಯರಿನ ಒಳ ಅಂಚಿಗೆ ಕೈ ಹಾಕಿ ಸವರಿ ನೋಡಿದ. "ಸರಿ ಇದೆ ಮಾಷೆ" ಎಂದ. ಅರಬಿಕ್ ಮಾಷ್ಟ್ರು ಹಿಂದಿನ ದಿನವಷ್ಟೇ ನೋಡಿದ್ದರು. ಆದರೂ ಅವನು ಹೇಳಿದಾಗ ನಮಗೆಲ್ಲ ಒಂದು ಸಮಾಧಾನ.